ಪಣಜಿಯ ಕ್ಯಾಸಿನೋನಾ, ಮನೆಯ ರಮ್ಮಿನಾ?

ಕಾರವಾರದವರಿಗೆ ಕಾಳಿ ಸೇತುವೆ ದಾಟಿದರೆ ಗೋವಾ ಹತ್ತಿರವೇ, ಅಲ್ವಾ? ಮಾಂಡೋವಿ ನದಿಯ ಕ್ಯಾಸಿನೋ ಹಡಗು ನೋಡುವ ಆಸೆ ಸಹಜ. ದೀಪ, ಹಾಡು, ಊಟ ಎಲ್ಲ ಸೊಗಸು. ಆದರೆ ಲೆಕ್ಕ ನೋಡಿ. ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಯ ಮೇಲೆ ನಿಲ್ಲುತ್ತದೆ ಎಂದು ಹಣ ಕಟ್ಟುವ ಆಟ ರೂಲೆಟ್; ಒಂದೇ ಸೊನ್ನೆಯ ಚಕ್ರದಲ್ಲಿ 37 ಮನೆಗಳಿವೆ. ನಿಮ್ಮ ಸಂಖ್ಯೆ ಬಂದರೆ ಕಟ್ಟಿದ ಹಣ ವಾಪಸ್, ಅದರ ಮೇಲೆ ಸಿಗುವುದು 35 ಪಟ್ಟು ಮಾತ್ರ. ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 2.70 ರೂಪಾಯಿ ಕ್ಯಾಸಿನೋದವರ ಪಾಲು. ಜಾಸ್ತಿ ಆಡಿದಷ್ಟೂ ಜಾಸ್ತಿ ಕಳೆಯುತ್ತೀರಿ. ಇದನ್ನು ಸಂಪಾದನೆ ಅಂದರೆ ನಗು ಬರುತ್ತದೆ. ಸಿನಿಮಾ ಟಿಕೆಟ್‌ನಂತೆ ಖರ್ಚಿನ ಹಣ ಬೇರೆ ಎತ್ತಿಟ್ಟು, ಎಟಿಎಂ ಕಾರ್ಡ್ ಮನೆಯಲ್ಲೇ ಬಿಟ್ಟು ಹೋಗುವುದಾದರೆ ವರ್ಷಕ್ಕೊಮ್ಮೆ ಸರಿ.

ಮನೆಯ ರಮ್ಮಿಗೆ ಹಣ ಬೇಡ, ಹುಣಸೆ ಬೀಜ ಸಾಕು. ತಲೆಗೂ ಕೆಲಸ, ಸುಮ್ನೆ ಜಗಳಕ್ಕೂ ಜಾಗ! ನನ್ನ ಓಟು ಇದಕ್ಕೇ. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಅದನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ.