"ನಿಮ್ಮವರ ಯುದ್ಧದ ಹೆಲ್ಮೆಟ್ ಸಿಕ್ಕಿದೆ" ಎಂದು ಯಾರಾದರೂ ಫೋನ್ ಮಾಡಿದರೆ

ಎರಡನೇ ಮಹಾಯುದ್ಧಕ್ಕೆ ಹೋದವರು ವಾಪಸ್ ಬರದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಮೈಸೂರು, ಹಾಸನ, ಮಂಡ್ಯ, ಕೊಡಗು, ಬೆಂಗಳೂರಿನ ದಂಡು ಪ್ರದೇಶ, ಎಲ್ಲ ಕಡೆ ಇವೆ. ಅಂಥ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲಿ ವಯಸ್ಸಾದವರಿದ್ದರೆ ಓದಿ ಹೇಳಿ.

ನಮ್ಮ ಮನೆಗೂ ಒಬ್ಬ ಬಂದ. ಹಳೇ ಮಿಲಿಟರಿ ಸಾಮಾನು ಸಂಗ್ರಹಿಸುತ್ತೇನೆ, ಅವು ಯಾರ ಸಾಮಾನು ಎಂದು ಪತ್ತೆ ಮಾಡಿ ಕುಟುಂಬಕ್ಕೆ ತಲುಪಿಸುತ್ತೇನೆ ಎಂದ. ದುಡ್ಡು ತೆಗೆದುಕೊಂಡ. ದುಡ್ಡಿಗಿಂತ ದೊಡ್ಡದನ್ನೂ ತೆಗೆದುಕೊಂಡು ಹೋದ. ದೂರು ಪೊಲೀಸರ ಬಳಿ ಇದೆ, ಹಾಗಾಗಿ ಇಲ್ಲಿ ಅವನ ಹೆಸರು ಬರೆಯುವುದಿಲ್ಲ. ಆದರೆ ಅವನು ಇದನ್ನು ಹೇಗೆ ಮಾಡಿದ ಎಂದು ಬಿಡಿಸಿ ಹೇಳುತ್ತೇನೆ. ಈ ಕೆಲಸಕ್ಕೆ ಬೇಕಾದ ಮಾಹಿತಿಯೆಲ್ಲ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ.

ನಮ್ಮ ಅಜ್ಜಿಯ ಅಣ್ಣ ಫಸ್ಟ್ ಮೈಸೂರು ಇನ್‌ಫೆಂಟ್ರಿಯಲ್ಲಿದ್ದರು. ಅದು ಮೈಸೂರು ಸಂಸ್ಥಾನದ ಸ್ವಂತ ಪಡೆ. ಯುದ್ಧದಲ್ಲಿ ಅದನ್ನು ಮಲಯಾ, ಸಿಂಗಪುರದ ಕಡೆಗೆ ಕಳಿಸಿದರು. 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಬ್ರಿಟಿಷರು ಜಪಾನೀಯರಿಗೆ ಶರಣಾದರು. 17ರಂದು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸುಮಾರು 45,000 ಭಾರತೀಯ ಸೈನಿಕರನ್ನು ಸೇರಿಸಿ, ಜಪಾನೀಯರ ವಶಕ್ಕೆ ಒಪ್ಪಿಸಿಬಿಟ್ಟರು. ಬಹಳ ಜನ ಬ್ರಿಟಿಷರ ವಿರುದ್ಧ ಹೋರಾಡಲು ಕಟ್ಟಿದ ಐಎನ್‌ಎ (ಆಜಾದ್ ಹಿಂದ್ ಫೌಜ್) ಸೇರಿದರು. ಸೇರದೆ ಉಳಿದವರಲ್ಲಿ ಸಾವಿರಾರು ಜನರನ್ನು ಹಡಗಿನಲ್ಲಿ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿ ಕೆಲಸಕ್ಕೆ ಸಾಗಿಸಿದರು. ಅಲ್ಲಿ ಹಸಿವು, ಕಾಯಿಲೆ, ಹೊಡೆತಕ್ಕೆ ಸತ್ತವರ ಸಂಖ್ಯೆ ಸಣ್ಣದಲ್ಲ. ಅಜ್ಜಿಯ ಅಣ್ಣನೂ ವಾಪಸ್ ಬರಲಿಲ್ಲ. ಗೋರಿ ಇಲ್ಲ, ಬೂದಿ ಇಲ್ಲ. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಯ ಮೇಲೆ ಹೀಗೆ ಗುರುತು ಸಿಗದೆ ಹೋದ 24,000ಕ್ಕೂ ಹೆಚ್ಚು ಜನರ ಹೆಸರಿದೆ. ಅವರ ಹೆಸರೂ ಅಲ್ಲಿದೆ.

ಮನೆಯಲ್ಲಿ ಅವರದು ಅಂತ ಉಳಿದಿದ್ದು ಇಷ್ಟೇ: ಯೂನಿಫಾರ್ಮಿನಲ್ಲಿ ತೆಗೆಸಿದ ಒಂದು ಫೋಟೋ, ಕನ್ನಡದಲ್ಲಿ ಬರೆದ ಕೆಲವು ಕಾಗದ, ಅವರು ಕಾಣೆಯಾಗಿದ್ದಾರೆ ಎಂದು ಸರ್ಕಾರದಿಂದ ಬಂದ ಒಂದು ಪತ್ರ.

ಫೋನ್ ಬಂದಿದ್ದು ನಮ್ಮ ಸೋದರಮಾವನಿಗೆ. ಆ ಮನುಷ್ಯ ಅಜ್ಜಿಯ ಅಣ್ಣನ ಹೆಸರು ಹೇಳಿದ. ಅವರ ಸೈನ್ಯದ ನಂಬರು ಹೇಳಿದ. ರ‍್ಯಾಂಕು, ತಂದೆಯ ಹೆಸರು, ಊರು, ತೀರಿಕೊಂಡ ತಾರೀಖು, ಎಲ್ಲ ಹೇಳಿದ. ನಮ್ಮ ಮನೆಯವರಿಗೇ ಆ ನಂಬರು ಗೊತ್ತಿರಲಿಲ್ಲ. ಪೆಟ್ಟಿಗೆಯಿಂದ ಸರ್ಕಾರದ ಪತ್ರ ತೆಗೆದು ನೋಡಿದರೆ ಅದೇ ನಂಬರು! ಇಷ್ಟಾದ ಮೇಲೆ ಯಾರು ತಾನೇ ಅನುಮಾನ ಪಡುತ್ತಾರೆ? "ಹೆಲ್ಮೆಟ್ ಸಿಂಗಪುರದ ಒಂದು ಗುಜರಿಯಲ್ಲಿ ಸಿಕ್ಕಿತು ಸರ್, ಒಳಗೆ ನಂಬರು, ಹೆಸರು ಇತ್ತು, ಅದನ್ನು ಹಿಡಿದು ನಿಮ್ಮ ತನಕ ಬಂದೆ" ಎಂದನಂತೆ.

ಆಮೇಲೆ ಹೆಲ್ಮೆಟ್ ಹಿಡಿದುಕೊಂಡು ಮನೆಗೇ ಬಂದ. ಅಗಲ ಅಂಚಿನ, ತಟ್ಟೆಯಂಥ ಬ್ರಿಟಿಷ್ ಹೆಲ್ಮೆಟ್, ಮಾರ್ಕ್ 2 ಎನ್ನುತ್ತಾರೆ. ಅಜ್ಜಿಗೆ ತೊಂಬತ್ತು ದಾಟಿದೆ. ಅಣ್ಣ ಹೊರಟಾಗ ಅವರು ಚಿಕ್ಕ ಹುಡುಗಿ. "ಅಮ್ಮಾ, ನಿಮ್ಮಣ್ಣನ ತಲೆ ಮೇಲೆ ಇದ್ದದ್ದು ಇದು" ಎಂದು ಅವರ ಮಡಿಲಲ್ಲೇ ಇಟ್ಟನಂತೆ. ಅಜ್ಜಿ ಅದನ್ನು ತಬ್ಬಿಕೊಂಡು ಅತ್ತರು ಎಂದು ಅತ್ತೆ ಹೇಳಿದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ತಡೆಯಲಾಗುತ್ತಿಲ್ಲ.

ಸಂಶೋಧನೆಯ ಖರ್ಚು, ಕಸ್ಟಮ್ಸ್ ಖರ್ಚು, ತಂದ ಖರ್ಚು ಎಂದು ಅವನು ಕೇಳಿದ್ದು ಸಣ್ಣ ಮೊತ್ತವಲ್ಲ. ಮಾವ ಸ್ವಲ್ಪ ಫೋನಿನಲ್ಲಿ ಕಳಿಸಿದರು, ಉಳಿದದ್ದು ಕೈಗೆ ಕೊಟ್ಟರು. ಕೊನೆಗೆ, "ಇದು ಅವರದೇ ಎಂದು ಪ್ರಮಾಣಪತ್ರ ಮಾಡಿಸಬೇಕು, ಅದಕ್ಕೆ ಫೋಟೋ ಮತ್ತು ಕಾಗದಗಳ ಒರಿಜಿನಲ್ ಬೇಕು, ಸ್ಕ್ಯಾನ್ ಮಾಡಿ ಕಳಿಸಿಕೊಡುತ್ತೇನೆ" ಎಂದ. ಫೋಟೋ, ಕಾಗದ, ಸರ್ಕಾರದ ಪತ್ರ ಮೂರನ್ನೂ ಒಯ್ದ. ಪ್ರಮಾಣಪತ್ರ ಅಂತ ಒಂದು ಲ್ಯಾಮಿನೇಷನ್ ಹಾಳೆ ಪೋಸ್ಟಿನಲ್ಲಿ ಬಂತು. ಒರಿಜಿನಲ್ ಯಾವುದೂ ಬರಲಿಲ್ಲ. ನಂಬರು ಸ್ವಿಚ್ ಆಫ್.

ನಾನು ಊರಿಗೆ ಹೋದಾಗ ಆ ಹೆಲ್ಮೆಟ್ ದೇವರ ಮನೆಯಲ್ಲಿತ್ತು. ಹಗಲು ಬೆಳಕಿಗೆ ತಂದು ತಿರುಗಿಸಿ ನೋಡಿದೆ. ಬ್ರಿಟನ್ನಿನಲ್ಲಿ ಮಾಡಿದ ಮಾರ್ಕ್ 2 ಹೆಲ್ಮೆಟ್‌ಗಳಲ್ಲಿ ಅಂಚಿನ ಕೆಳಗೆ, ಗಲ್ಲದ ಪಟ್ಟಿ ಸಿಕ್ಕಿಸುವ ಕೊಂಡಿಯ ಹತ್ತಿರ, ತಯಾರಕರ ಅಕ್ಷರ ಮತ್ತು ಇಸವಿ ಒತ್ತಿರುತ್ತಾರೆ. ಆ ಜಾಗಕ್ಕೆ ದಪ್ಪ ಬಣ್ಣ ಮೆತ್ತಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಒತ್ತಿದ ಗುರುತು ಎದ್ದು ಕಂಡಿತು. 1943.

ಅಜ್ಜಿಯ ಅಣ್ಣ ಸೆರೆ ಸಿಕ್ಕಿದ್ದು 1942ರ ಫೆಬ್ರವರಿಯಲ್ಲಿ. ಜಪಾನೀಯರ ಕೈಯಲ್ಲಿದ್ದ ಕೈದಿಗೆ 1943ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಹೆಲ್ಮೆಟ್ ಕೊಟ್ಟವರು ಯಾರು?

ಆಮೇಲೆ ಉಳಿದದ್ದೂ ಒಂದೊಂದಾಗಿ ಕಂಡಿತು. ಒಳಗೆ ಬಿಳಿ ಬಣ್ಣದಲ್ಲಿ ಬರೆದಿದ್ದ ನಂಬರು ತುಕ್ಕಿನ ಮೇಲೆ ಕೂತಿತ್ತು. 1942ಕ್ಕೆ ಮುಂಚೆ ಬರೆದ ಬಣ್ಣವಾದರೆ ತುಕ್ಕು ಅದನ್ನು ಒಡೆದು ಮೇಲೆ ಬರಬೇಕು. ತುಕ್ಕು ಹಿಡಿದ ಮೇಲೆ ಬರೆದಿದ್ದರೆ ಮಾತ್ರ ಬಣ್ಣ ತುಕ್ಕನ್ನು ಮುಚ್ಚುತ್ತದೆ. ತಲೆಗೆ ಕೂರುವ ಒಳಗಿನ ಪಟ್ಟಿ ಹೊರಗಿನ ಕಬ್ಬಿಣಕ್ಕಿಂತ ಬಹಳ ಚೆನ್ನಾಗಿತ್ತು. ಈ ಹೆಲ್ಮೆಟ್‌ನಲ್ಲಿ ಒಳಪಟ್ಟಿಯನ್ನು ಹಿಡಿದಿಡುವುದು ನೆತ್ತಿಯಲ್ಲಿರುವ ಒಂದೇ ಒಂದು ಸ್ಕ್ರೂ. ಬಿಚ್ಚಿ ಬೇರೆಯದನ್ನು ಹಾಕುವುದು ಐದು ನಿಮಿಷದ ಕೆಲಸ. ಹಾಗಾಗಿ ಒಳಪಟ್ಟಿಯ ಮೇಲೆ ಹೆಸರಿದೆ ಎಂದ ಮಾತ್ರಕ್ಕೆ ಕಬ್ಬಿಣವೂ ಅವರದೇ ಎನ್ನುವಂತಿಲ್ಲ.

ಆ ಹೆಸರು, ನಂಬರು, ಊರು ಅವನಿಗೆ ಎಲ್ಲಿ ಸಿಕ್ಕಿತು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆ ಇದೆ. 1917ರಲ್ಲಿ ಶುರುವಾಗಿದ್ದು. ಎರಡು ಮಹಾಯುದ್ಧಗಳಲ್ಲಿ ಸತ್ತ ಬ್ರಿಟಿಷ್, ಭಾರತೀಯ, ಆಸ್ಟ್ರೇಲಿಯಾ ಮುಂತಾದ ಸೈನಿಕರ ಗೋರಿ ಮತ್ತು ಸ್ಮಾರಕಗಳನ್ನು ನೋಡಿಕೊಳ್ಳುತ್ತದೆ. ಅದರ ಪಟ್ಟಿ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಾಗಿಲ್ಲ. ಹೆಸರು, ನಂಬರು, ರ‍್ಯಾಂಕು, ರೆಜಿಮೆಂಟು, ಸತ್ತ ದಿನ, ಸ್ಮಾರಕದ ಯಾವ ಕಂಬದಲ್ಲಿ ಹೆಸರಿದೆ, ಬಹಳಷ್ಟು ಕಡೆ ತಂದೆ ಅಥವಾ ಹೆಂಡತಿಯ ಹೆಸರು, ಊರು, ಇಷ್ಟೂ ಅಲ್ಲಿರುತ್ತದೆ. ಅದು ಕುಟುಂಬದವರಿಗೆ ಅನುಕೂಲವಾಗಲಿ ಎಂದು ಇಟ್ಟ ಒಳ್ಳೆಯ ಪಟ್ಟಿ. ನಮ್ಮಂಥ ಎಷ್ಟೋ ಮನೆಗಳಿಗೆ ಇರುವ ಒಂದೇ ದಾಖಲೆ. ಈ ಮನುಷ್ಯ ಅದನ್ನೇ ಮೋಸಕ್ಕೆ ಬಳಸಿಕೊಂಡ.

ಅಂದರೆ ಅವನು ಹೆಲ್ಮೆಟ್‌ನಿಂದ ಸೈನಿಕನ ಕಡೆಗೆ ಬಂದಿರಲಿಲ್ಲ. ಪಟ್ಟಿಯಿಂದ ಒಂದು ಹೆಸರು ಆರಿಸಿ, ಊರಲ್ಲಿ ವಿಚಾರಿಸಿ ಕುಟುಂಬವನ್ನು ಹಿಡಿದು, ಎಲ್ಲೋ ಸಿಕ್ಕ ಹೆಲ್ಮೆಟ್ ಮೇಲೆ ಆ ನಂಬರು ಬರೆದು ತಂದಿದ್ದ. ಪುಸ್ತಕದ ಕೊನೆಯಲ್ಲಿರುವ ಉತ್ತರ ನೋಡಿಕೊಂಡು ಲೆಕ್ಕ ಬರೆದ ಹಾಗೆ. ಎಲ್ಲವೂ ತಾಳೆ ಆಗಲೇಬೇಕು, ಅಲ್ವಾ? ನನಗೆ ಇದು ಖಾತ್ರಿಯಾಗಿದ್ದು ಒಂದು ತಪ್ಪಿನಿಂದ. ಆ ಪಟ್ಟಿಯಲ್ಲಿ ನಮ್ಮವರ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಬಿಟ್ಟುಹೋಗಿದೆ. ಹಳೇ ಕಾಲದ ಗುಮಾಸ್ತರ ಕೈತಪ್ಪು ಇರಬೇಕು. ಸರ್ಕಾರದ ಪತ್ರದಲ್ಲಿ ಸರಿಯಾಗಿಯೇ ಇತ್ತು ಎಂದು ಮಾವನಿಗೆ ಚೆನ್ನಾಗಿ ನೆನಪಿದೆ. ಹೆಲ್ಮೆಟ್ ಒಳಗೂ ಅದೇ ಅಕ್ಷರ ಬಿಟ್ಟುಹೋಗಿತ್ತು.

ಹಾಗಾಗಿ ಯಾರಾದರೂ ಬಂದು ವಿವರ ಒಪ್ಪಿಸಿದರೆ ಮೊದಲು ಆ ಪಟ್ಟಿ ತೆಗೆದು ನೋಡಿ. ಅಲ್ಲಿರುವುದನ್ನೇ ಹೇಳುತ್ತಿದ್ದರೆ ಅದು ಪುರಾವೆ ಅಲ್ಲ. ಅಲ್ಲಿ ಇಲ್ಲದ, ಆದರೆ ನಿಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ಏನಾದರೂ ಆ ವಸ್ತುವಿನ ಮೇಲೆ ಇದೆಯಾ ಎಂದು ಕೇಳಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಹೆಲ್ಮೆಟ್ ಸೈನಿಕನ ಸ್ವಂತ ಆಸ್ತಿ ಆಗಿರಲಿಲ್ಲ. ಅದು ಸ್ಟೋರಿನ ಸಾಮಾನು. ಒಬ್ಬರು ವಾಪಸ್ ಕೊಟ್ಟರೆ ಇನ್ನೊಬ್ಬರಿಗೆ ಹೋಗುತ್ತಿತ್ತು. ಈ ತರಹದ ಹೆಲ್ಮೆಟ್‌ಗಳು ಭಾರತದಲ್ಲೂ ತಯಾರಾದವು. ಸೈನ್ಯಕ್ಕೆ ಮಾತ್ರವಲ್ಲ, 1942ರಲ್ಲಿ ಜಪಾನೀಯರು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದ ಕಾಲದಲ್ಲಿ ನಗರಗಳಲ್ಲಿ ವಿಮಾನ ದಾಳಿಯಿಂದ ಜನರನ್ನು ಕಾಪಾಡುವ ಎಆರ್‌ಪಿ ವಾರ್ಡನ್‌ಗಳೂ ಉಕ್ಕಿನ ಹೆಲ್ಮೆಟ್ ಹಾಕುತ್ತಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿ ಸಾಮಾನು ರಾಶಿ ರಾಶಿ ಹರಾಜಾಗಿ ಗುಜರಿಗೆ ಬಂತು. ಹೀಗೆ ಬಂದ ಬಹುತೇಕ ಹೆಲ್ಮೆಟ್‌ಗಳ ಒಡೆಯರನ್ನು ಯಾರೂ ಪತ್ತೆ ಮಾಡಲು ಆಗುವುದಿಲ್ಲ. ಹೆಸರಿಲ್ಲದ ಹೆಲ್ಮೆಟ್ ಹೆಸರಿಲ್ಲದೆಯೇ ಉಳಿಯುತ್ತದೆ. ಪ್ರಾಮಾಣಿಕ ಸಂಗ್ರಾಹಕರು ಇದನ್ನು ಮೊದಲೇ ಹೇಳುತ್ತಾರೆ.

ನಿಜವಾಗಿ ಗುರುತು ಇದ್ದಾಗಲೂ ಕೆಲಸ ಸುಲಭವಲ್ಲ. ಯುದ್ಧಕಾಲದಲ್ಲಿ ಅಸ್ಸಾಮಿನಿಂದ ಬರ್ಮಾ ಕಡೆಗೆ ಲೆಡೊ ರಸ್ತೆ ಕಟ್ಟಲು ಬಂದ ಅಮೆರಿಕನ್ನರ ಎಂ1 ಹೆಲ್ಮೆಟ್‌ಗಳನ್ನೇ ನೋಡಿ. ಅಮೆರಿಕದ ಸೈನಿಕರು ತಮ್ಮ ಸಾಮಾನಿನ ಮೇಲೆ ಮನೆತನದ ಹೆಸರಿನ ಮೊದಲ ಅಕ್ಷರ ಮತ್ತು ಸೇವಾ ನಂಬರಿನ ಕೊನೆಯ ನಾಲ್ಕು ಅಂಕಿ ಬರೆಯುತ್ತಿದ್ದರು. ಆ ಒಂದು ಅಕ್ಷರ, ನಾಲ್ಕು ಅಂಕಿಗೆ ಹೊಂದುವ ಸೈನಿಕರು ಎಷ್ಟೋ ಜನ. ಘಟಕದ ಚಿಹ್ನೆಯಂಥ ಇನ್ನೊಂದು ಸುಳಿವು ಬೇಕೇ ಬೇಕು. ಕಡತ ನೋಡೋಣ ಎಂದರೆ, 1973ರ ಜುಲೈಯಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 160ರಿಂದ 180 ಲಕ್ಷ ಸೈನಿಕರ ಕಡತ ಸುಟ್ಟುಹೋದವು. 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಸುಮಾರು ಶೇ. 80 ಹೋಯಿತು. ಅಷ್ಟು ದಾಖಲೆ ಇಡುವ ದೇಶದ್ದೇ ಈ ಕತೆ. ಇನ್ನು ಸಿಂಗಪುರದಲ್ಲಿ ಸೆರೆಯಾದ ಒಬ್ಬ ಮೈಸೂರು ಸಿಪಾಯಿಯ ಹೆಲ್ಮೆಟ್ "ನೂರಕ್ಕೆ ನೂರು ಖಾತ್ರಿ" ಎಂದು ಒಬ್ಬ ಹೇಳಿದರೆ, ಆ ಮಾತಿಗೇ ಹೆದರಬೇಕು.

ಅವನಿಗೆ ಒರಿಜಿನಲ್ ಫೋಟೋ ಯಾಕೆ ಬೇಕಿತ್ತು ಎಂದು ಆಮೇಲೆ ಅರ್ಥವಾಯಿತು. ಹಳೇ ಹೆಲ್ಮೆಟ್‌ಗೆ ಸುಮ್ನೆ ಒಂದು ಬೆಲೆ. ಇಂಥವರದು ಎಂದು ಹೆಸರು, ಫೋಟೋ, ಕೈಬರಹ, ಸರ್ಕಾರಿ ಪತ್ರ ಜೊತೆಗಿದ್ದರೆ ಬೇರೆಯೇ ಬೆಲೆ. ಸೆರೆಯಲ್ಲಿ ಸತ್ತವರು ಎಂದರೆ ಇನ್ನೂ ಜಾಸ್ತಿ. ಕೆಲವು ತಿಂಗಳ ನಂತರ ನನ್ನ ತಂಗಿ ಇಂಟರ್‌ನೆಟ್‌ನಲ್ಲಿ ಒಂದು ಮಾರಾಟದ ಜಾಹೀರಾತು ತೋರಿಸಿದಳು. ನಮ್ಮ ಮನೆಯ ಫೋಟೋ. ಪಕ್ಕದಲ್ಲಿ ಬೇರೊಂದು ಹೆಲ್ಮೆಟ್. "ಕುಟುಂಬದಿಂದ ನೇರವಾಗಿ ಬಂದದ್ದು" ಎಂದು ಬರೆದಿತ್ತು. ನಾವು ದೂರು ಕೊಡುವಷ್ಟರಲ್ಲಿ ಆ ಪುಟ ಮಾಯವಾಯಿತು. ನಮಗೆ ಕೊಟ್ಟ ಹೆಲ್ಮೆಟ್ ಅವನಿಗೆ ಬರೀ ಬಂಡವಾಳ. ಅವನಿಗೆ ಬೇಕಾದದ್ದು ಆ ಕಾಗದಗಳು.

ಅಜ್ಜಿಗೆ ನಿಜ ಹೇಳಿದೆವು. ಮುಚ್ಚಿಡುವುದು ಸರಿ ಎಂದು ನನಗೆ ಅನ್ನಿಸಲಿಲ್ಲ. "ಹೆಲ್ಮೆಟ್ ಯಾರದಾದರೂ ಆಗಲಿ ಬಿಡು, ಅಣ್ಣನ ಫೋಟೋ ತರಿಸಿಕೊಡು" ಎಂದರು. ದುಡ್ಡಿನ ಮಾತು ಅವರು ಒಮ್ಮೆಯೂ ಎತ್ತಿಲ್ಲ.

ನಿಮ್ಮವರ ಬಗ್ಗೆ ತಿಳಿಯಬೇಕೆಂದರೆ ನಡುವೆ ಯಾರೂ ಬೇಕಿಲ್ಲ. ಮೇಲೆ ಹೇಳಿದ ಪಟ್ಟಿಯಲ್ಲಿ ನೀವೇ ಹುಡುಕಿ. ಹೆಸರನ್ನು ಇಂಗ್ಲಿಷಿನಲ್ಲಿ ಬೇರೆ ಬೇರೆ ರೀತಿ ಬರೆದು ನೋಡಬೇಕು, ಹೆಸರಿಗಿಂತ ನಂಬರು ಇದ್ದರೆ ಬೇಗ ಸಿಗುತ್ತದೆ. ಆ ಕಾಲದಲ್ಲಿ ನಂಬರು ರೆಜಿಮೆಂಟಿನ ಲೆಕ್ಕದಲ್ಲಿ ಇರುತ್ತಿತ್ತು, ಆದ್ದರಿಂದ ರೆಜಿಮೆಂಟ್ ಗೊತ್ತಿಲ್ಲದೆ ಬರೀ ನಂಬರನ್ನು ನಂಬಬೇಡಿ. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯದ ನಂತರ ಮದ್ರಾಸ್ ರೆಜಿಮೆಂಟಿಗೆ ಸೇರಿತು, ಅದರ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರಾದರೆ ಬೆಂಗಳೂರಿನಲ್ಲೇ ಹಲಸೂರು ಕೆರೆಯ ಹತ್ತಿರ ಕೇಂದ್ರವಿದೆ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗೆ ರಾಜ್ಯ ಪತ್ರಾಗಾರ ಇದೆ. ಉತ್ತರ ನಿಧಾನವಾಗಿ ಬರಬಹುದು, ಬರದೆಯೂ ಇರಬಹುದು. ಆದರೆ ಇವರಲ್ಲಿ ಯಾರೂ ನಿಮ್ಮ ಮನೆಗೆ ಬಂದು ದುಡ್ಡು ಕೇಳುವುದಿಲ್ಲ.

ಫೋಟೋ, ಕಾಗದ, ಮೆಡಲ್ ಇದ್ದರೆ ಈ ವಾರವೇ ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಯಾರಿಗಾದರೂ ತೋರಿಸುವುದಿದ್ದರೆ ಸ್ಕ್ಯಾನ್ ತೋರಿಸಿ, ಒರಿಜಿನಲ್ ಮನೆಯ ಹೊಸಿಲು ದಾಟಬಾರದು. ಪ್ರಾಮಾಣಿಕರಿಗೆ ಸ್ಕ್ಯಾನ್ ಸಾಕು. ಫೋನಿನಲ್ಲಿ ದುಡ್ಡು ಕಳಿಸಿ ಮೋಸ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ಕೈಬಿಟ್ಟುಹೋಗುತ್ತದೆ. ತಂದುಕೊಟ್ಟ ಹೆಲ್ಮೆಟ್ ಸುಳ್ಳು ಎಂದು ಗೊತ್ತಾದರೂ ಅದನ್ನು ಎಸೆಯಬೇಡಿ, ತೊಳೆಯಬೇಡಿ, ಬಣ್ಣ ಕೆರೆಯಬೇಡಿ. ಅದು ಸಾಕ್ಷಿ. ನಮ್ಮದು ಈಗ ಪೊಲೀಸ್ ಠಾಣೆಯಲ್ಲಿದೆ.

ಹಳೇ ಮಿಲಿಟರಿ ಸಾಮಾನು ಕೊಳ್ಳುವವರಲ್ಲಿ ಒಂದು ಬೇಡಿಕೆ. ನಿಮ್ಮ ಮುಂದೆ ಒಂದು ಫೋಟೋ ಬರಬಹುದು: ಯೂನಿಫಾರ್ಮಿನಲ್ಲಿ ನಿಂತ ಯುವಕ, ಒಂದು ಕೈ ಕುರ್ಚಿಯ ಬೆನ್ನ ಮೇಲೆ, ಮೇಲಿನ ಬಲ ಮೂಲೆ ಹರಿದಿದೆ, ಹಿಂದೆ ಮೈಸೂರಿನ ಸ್ಟುಡಿಯೋ ಸೀಲು ಮತ್ತು ನೀಲಿ ಶಾಯಿಯ ಕನ್ನಡ ಬರಹ. ಅದು ಯಾವ ಹೆಲ್ಮೆಟ್ ಜೊತೆ ಬಂದರೂ ಮಾರುವವನನ್ನು ಪ್ರಶ್ನಿಸಬೇಡಿ, ಅವನು ಪುಟ ಅಳಿಸಿಬಿಡುತ್ತಾನೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಮಾರುವವನ ಖಾತೆ ಮತ್ತು ತಾರೀಖು ಕಾಣುವಂತಿರಲಿ, ಆಮೇಲೆ ನನಗೆ ಕಳಿಸಿ. ನಾನು ತನಿಖಾಧಿಕಾರಿಗೆ ತಲುಪಿಸುತ್ತೇನೆ.