ಉದ್ದದ ಇಂಗ್ಲಿಷ್ ಪದ ಒಡೆಯೋ ಕಾರ್ಡ್ ಸೆಟ್: ಹಿಂಬದಿಯಲ್ಲೇ ಇದೆ ಸೊಗಸು

ಆರನೇ ಕ್ಲಾಸಿನ ಮಗಳಿಗೆ ಅಂತ ತರಿಸಿದ ಸೆಟ್ ಇದು. ಚಿಕ್ಕ ಪದಗಳನ್ನು ಸರಾಗವಾಗಿ ಓದುತ್ತಾಳೆ. ಪದ ಉದ್ದವಾದರೆ ಮಾತ್ರ ಮೊದಲ ಮೂರು ಅಕ್ಷರ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತಿದ್ದಳು. ಆ ಊಹೆ ಈಗ ಬಹಳ ಕಡಿಮೆಯಾಗಿದೆ.

ಕಾರ್ಡಿನ ಮುಂದೆ ಪದವನ್ನು ಉಚ್ಚಾರದ ತುಂಡುಗಳಾಗಿ, ಅಂದರೆ ಸಿಲಬಲ್‌ಗಳಾಗಿ ಒಡೆದಿದ್ದಾರೆ, ಹಿಂದೆ ಅರ್ಥದ ತುಂಡುಗಳಾಗಿ. ಎರಡೂ ಒಂದೇ ಅಲ್ಲ ಅನ್ನೋದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ನನಗೆ ತುಂಬಾ ಇಷ್ಟವಾಯಿತು. ಹೆಲಿಕಾಪ್ಟರ್ ಕಾರ್ಡ್ ನೋಡಿ. ಓದೋಕೆ ಹೆ-ಲಿ-ಕಾಪ್-ಟರ್. ತಿರುಗಿಸಿದರೆ ‘ಹೆಲಿಕೊ’ ಒಂದು ಕಡೆ, ‘ಪ್ಟರ್’ ಇನ್ನೊಂದು ಕಡೆ. ಗ್ರೀಕ್ ಮೂಲದಲ್ಲಿ ಒಂದು ಸುರುಳಿ, ಇನ್ನೊಂದು ರೆಕ್ಕೆ. ಟೆರೊಡ್ಯಾಕ್ಟಿಲ್ (ಡೈನೋಸಾರ್ ಕಾಲದ ಹಾರುವ ಸರೀಸೃಪ) ಪದದ ಶುರುವಿನಲ್ಲಿ ಸದ್ದಿಲ್ಲದ ‘ಪಿ’ ಇದೆಯಲ್ಲ, ಅದೂ ಇದೇ ರೆಕ್ಕೆಯದು. ಮಗಳು ಅದನ್ನು ತಾನೇ ಕಂಡುಹಿಡಿದಳು!

ಸ್ಪೆಲ್ಲಿಂಗ್‌ಗೂ ಹಿಂಬದಿಯೇ ಆಧಾರ. ‘ಇಂಟರಪ್ಷನ್’ ಬರೆಯುವಾಗ ಅವಳು ಯಾವಾಗಲೂ ಒಂದು ‘ಆರ್’ ಬಿಡುತ್ತಿದ್ದಳು. ಇಂಟರ್, ರಪ್ಟ್, ಅಯಾನ್ ಅಂತ ಮೂರು ತುಂಡು ಜೋಡಿಸಿದ ಮೇಲೆ ಗೊಂದಲವೇ ಇಲ್ಲ. ಮೊದಲ ತುಂಡು ‘ಆರ್’ನಲ್ಲಿ ಮುಗಿಯುತ್ತೆ, ಎರಡನೆಯದು ‘ಆರ್’ನಿಂದಲೇ ಶುರುವಾಗುತ್ತೆ. ರಪ್ಟ್ ಅಂದರೆ ಮುರಿಯುವುದು. ಎರಪ್ಟ್, ಬ್ಯಾಂಕ್‌ರಪ್ಟ್ ಕಾರ್ಡ್‌ಗಳನ್ನೂ ಪಕ್ಕದಲ್ಲಿ ಇಟ್ಟುಕೊಂಡರೆ ಒಂದು ಕುಟುಂಬವೇ ಸಿಗುತ್ತೆ.

ಕೆಂಪು ಅಂಚಿನ ಕಾರ್ಡ್‌ಗಳನ್ನು ಮರೀಬೇಡಿ. ಪ್ರಿಫಿಕ್ಸ್ (ಪದದ ಶುರುವಿಗೆ ಸೇರಿ ಅರ್ಥ ಬದಲಿಸೋ ತುಂಡು) ಇರೋ ಥರ ಕಾಣುವ, ಆದರೆ ಇಲ್ಲದ ಪದಗಳು ಅವು. ‘ಅಂಕಲ್’ ಶುರುವಾಗೋದು ‘ಯು, ಎನ್’ನಿಂದಲೇ, ಆದರೆ ಅನ್‌ಹ್ಯಾಪಿಯಲ್ಲಿರೋ ‘ಇಲ್ಲ’ ಅನ್ನೋ ಅರ್ಥ ಅಲ್ಲಿಲ್ಲ.

ಜೊತೆಗೆ ಕೊಟ್ಟ ಕೈಪಿಡಿ ಮಾತ್ರ ಸರಿಯಿಲ್ಲ. ಸ್ವರಾಕ್ಷರ ಎಣಿಸಿದರೆ ಸಿಲಬಲ್ ಲೆಕ್ಕ ಸಿಗುತ್ತೆ ಅಂತ ಬರೆದಿದ್ದಾರೆ. ತಪ್ಪು. ಎಣಿಸಬೇಕಾದ್ದು ಸ್ವರದ ಸದ್ದನ್ನು. ‘ಬ್ಯೂಟಿಫುಲ್’ ಪದದಲ್ಲಿ ಸ್ವರಾಕ್ಷರ 5, ಸಿಲಬಲ್ 3. ಎರಡು ಸ್ವರದ ನಡುವೆ ಒಂದೇ ವ್ಯಂಜನ ಇದ್ದರೆ ಅದರ ಮುಂಚೆಯೇ ಕತ್ತರಿಸಿ ಅನ್ನೋ ನಿಯಮವೂ ಅರ್ಧ ಸತ್ಯ. ರೋ-ಬಾಟ್‌ಗೆ ಅದು ಸರಿ, ಕ್ಯಾಬ್-ಇನ್‌ಗೆ ಸರಿಹೋಗಲ್ಲ. ಒಂದು ಥರ ಓದಿ ನೋಡಿ, ಗೊತ್ತಿರೋ ಪದ ಆಗಲಿಲ್ಲ ಅಂದರೆ ಇನ್ನೊಂದು ಥರ ಕತ್ತರಿಸು ಅಂತ ಮಕ್ಕಳಿಗೆ ನಾವೇ ಹೇಳಿಕೊಡಬೇಕು.

ಅಕ್ಷರ ದೊಡ್ಡದಾಗಿದೆ, ಕಾರ್ಡ್ ಗಟ್ಟಿಯಾಗಿದೆ. ಇನ್ನೂ ಅಕ್ಷರ ಕೂಡಿಸಿ ಓದೋ ಮಕ್ಕಳಿಗೆ ಈಗಲೇ ಬೇಡ. ಓದು ಬಂದು ಉದ್ದದ ಪದಕ್ಕೆ ಹೆದರೋ ಮಕ್ಕಳಿದ್ದರೆ ಖಂಡಿತ ತರಿಸಿ, ಕೈಪಿಡಿಯನ್ನು ಡಬ್ಬದಲ್ಲೇ ಬಿಡಿ.