ಲಂಡನ್–ಸಿಡ್ನಿ: ಪರ್ತ್ ಮೇಲಾ, ಸಿಂಗಾಪುರ ಮೇಲಾ?

ಲಂಡನ್‌ನಿಂದ ಸಿಡ್ನಿಗೆ ಪರ್ತ್ (ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಊರು) ಮೇಲೆ ಹೋಗೋದಾ, ಸಿಂಗಾಪುರ ಮೇಲೆ ಹೋಗೋದಾ ಅಂತ ಕೇಳಿದ್ರಲ್ಲ, ದೂರ ನೋಡ್ಕೊಂಡು ಡಿಸೈಡ್ ಮಾಡ್ಬೇಡಿ. ನೇರ ಗೆರೆ ಎಳೆದ್ರೆ ಸುಮಾರು 17,000 ಕಿ.ಮೀ, ಸಿಂಗಾಪುರ ಮೇಲೆ ಹೋದ್ರೆ ಇನ್ನೂರರ ಒಳಗೇ ಜಾಸ್ತಿ, ಪರ್ತ್ ಮೇಲೆ ಎಂಟುನೂರರ ಹತ್ರ ಜಾಸ್ತಿ, ಗಾಳೀಲಿ ಇರೋ ಟೈಮ್ ಎರಡರಲ್ಲೂ 21 ಗಂಟೆ ಆಸುಪಾಸೇ.

ವ್ಯತ್ಯಾಸ ಇರೋದು ಆ ಗಂಟೆಗಳು ಹೆಂಗೆ ಹಂಚ್ಕೊಳ್ತವೆ ಅನ್ನೋದ್ರಲ್ಲಿ. ಲಂಡನ್–ಪರ್ತ್ ನಾನ್‌ಸ್ಟಾಪ್ (ಆಸ್ಟ್ರೇಲಿಯಾದ ಏರ್‌ಲೈನ್ ಕ್ವಾಂಟಾಸ್ 2018ರಲ್ಲಿ ಶುರು ಮಾಡಿದ್ದು) ಒಂದೇ ಸಲ ಹತ್ತತ್ರ 17 ಗಂಟೆ, ಆಮೇಲೆ ಸಿಡ್ನಿಗೆ ನಾಲ್ಕೇ ಗಂಟೆ. ಸೀಟಲ್ಲೇ ನಿದ್ದೆ ಹೊಡೆಯೋರಿಗೆ ಇದು ಸರಿ, ಮಧ್ಯದಲ್ಲಿ ಯಾರೂ ಎಬ್ಬಿಸಲ್ಲ. ಮಂಡಿ ನೋವು ಇದ್ರೆ, ಸಣ್ಣ ಮಕ್ಕಳಿದ್ರೆ ಸಿಂಗಾಪುರನೇ ವಾಸಿ, 13 ಗಂಟೆ ಆದ್ಮೇಲೆ ಇಳಿದು ಓಡಾಡಿ ಮುಖ ತೊಳ್ಕೊಂಡು ಮತ್ತೆ ಎಂಟು ಗಂಟೆ. ಏರ್‌ಲೈನ್ಸ್ ಆಯ್ಕೇನೂ ಈ ಕಡೆ ಜಾಸ್ತಿ, ಹಂಗಾಗಿ ರೇಟ್ ಹೋಲಿಸ್ಬೋದು.

ಪರ್ತಲ್ಲಿ ಡೊಮೆಸ್ಟಿಕ್ ಫ್ಲೈಟ್ ಹಿಡಿಯೋದಾದ್ರೆ ಇಮಿಗ್ರೇಷನ್, ಲಗೇಜು, ಕಸ್ಟಮ್ಸ್ ಎಲ್ಲಾ ಅಲ್ಲೇ ಮುಗಿಸ್ಬೇಕು, ಅದಕ್ಕೆ ಗ್ಯಾಪ್ ಇಟ್ಕೊಂಡೇ ಬುಕ್ ಮಾಡಿ. ವಾಪಸ್ ಬರೋವಾಗ ಜೆಟ್ ಸ್ಟ್ರೀಮ್ (ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೋರು ಗಾಳಿ) ಎದುರಾಗುತ್ತೆ, ಸ್ವಲ್ಪ ಹೆಚ್ಚೇ ಹಿಡಿಯುತ್ತೆ.